ಓದುಗರ ಪ್ರಶ್ನೆ: ಹೊಸ ಕಂಪ್ಯೂಟರಿನಲ್ಲಿ ಹಳೆಯ ‘ಸ್ಯಾಂಡ್ಸ್ ಆಫ್ ಟೈಮ್’

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೇಮಿನ ಸುತ್ತ ಇವೆ. ಯೂಬಿಸಾಫ್ಟ್‌ನ ಮಾಂಟ್ರಿಯಲ್ ಸ್ಟುಡಿಯೋ 2003ರಲ್ಲಿ ಹೊರತಂದ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್’. ಅರಮನೆಯೊಳಗೆ ಓಡಿ ಜಿಗಿದು ಸಾಗುವ ರಾಜಕುಮಾರನ ಸಾಹಸ ಅದು, ನನಗೂ ಬಹಳ ಇಷ್ಟದ ಗೇಮ್. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಕೊಂಡ ಅಸಲಿ ಡಿಸ್ಕ್ ಇನ್ನೂ ಜೋಪಾನವಾಗಿದೆ. ಹೊರಗಿನ ಡಿವಿಡಿ ಡ್ರೈವ್ ಜೋಡಿಸಿ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಇನ್‌ಸ್ಟಾಲ್ ಏನೋ ಆಯಿತು, ಆದರೆ ಗೇಮ್ ಶುರುವಾಗುವುದೇ ಇಲ್ಲ. ಹಳೆಯ ವಿಂಡೋಸಿನಂತೆ ನಡೆಸುವ ಕಂಪಾಟಿಬಿಲಿಟಿ ಮೋಡ್ ಕೂಡ ಹಾಕಿ ನೋಡಿದ್ದಾಯಿತು.

ಉತ್ತರ: ನಿಮ್ಮ ಡಿಸ್ಕ್ ಕೆಟ್ಟಿರಲಿಕ್ಕಿಲ್ಲ, ಲ್ಯಾಪ್‌ಟಾಪ್ ಕೂಡ ಸರಿಯಾಗಿಯೇ ಇರಬಹುದು. ಆ ಕಾಲದಲ್ಲಿ ನಕಲು ತಡೆಯಲು ಡಿಸ್ಕ್ ಗೇಮ್‌ಗಳಿಗೆ ಸೇಫ್‌ಡಿಸ್ಕ್, ಸೆಕ್ಯೂರಾಮ್, ಸ್ಟಾರ್‌ಫೋರ್ಸ್ ಅಂತ ಕಾವಲು ಹಾಕುತ್ತಿದ್ದರು. ಇವುಗಳಲ್ಲಿ ಕೆಲವು ವಿಂಡೋಸಿನ ಒಳಗೆ ತಮ್ಮದೊಂದು ಡ್ರೈವರ್ (ವಿಂಡೋಸಿಗೂ ಯಂತ್ರಕ್ಕೂ ನಡುವೆ ಕೆಲಸ ಮಾಡುವ ಪ್ರೋಗ್ರಾಂ) ಕೂರಿಸಿ, ಒಳಗಿರುವುದು ಅಸಲಿ ಡಿಸ್ಕ್ ಹೌದೋ ಅಲ್ಲವೋ ಎಂದು ಪ್ರತಿ ಸಲ ನೋಡುತ್ತಿದ್ದವು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಸೇಫ್‌ಡಿಸ್ಕ್ ಡ್ರೈವರನ್ನು ಕೈಬಿಟ್ಟಿತು, ಅದರಲ್ಲಿ ಭದ್ರತೆಯ ತೊಂದರೆ ಇತ್ತು. ಕಾವಲುಗಾರ ಏಳುವುದೇ ಇಲ್ಲ ಅಂದಮೇಲೆ ಬಾಗಿಲು ತೆರೆಯುವುದು ಹೇಗೆ? ಇಂಥ ಕಡೆ ಕಂಪಾಟಿಬಿಲಿಟಿ ಮೋಡ್ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಡಿಸ್ಕನ್ನು ನೆನಪಿಗೆ ಇಟ್ಟುಕೊಳ್ಳಿ, ಆಡುವುದಕ್ಕೆ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳಾದ ಜಿಒಜಿ ಅಥವಾ ಸ್ಟೀಮ್‌ನಿಂದ ಕೊಂಡ ಪ್ರತಿ ಇರಲಿ. ನಾನಾದರೆ ಜಿಒಜಿ ಅನ್ನುತ್ತೇನೆ. ಅಲ್ಲಿ ಯಾವ ಕಾವಲೂ ಇಲ್ಲ, ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಇಟ್ಟುಕೊಳ್ಳಬಹುದು. ಗೊತ್ತಿಲ್ಲದ ಜಾಗದಿಂದ ಡಿಸ್ಕ್ ತಪಾಸಣೆ ತಪ್ಪಿಸುವ ‘ನೋ ಸಿಡಿ’ ಫೈಲ್ ತಂದು ಹಾಕಬೇಡಿ. ಹಳೆ ಗೇಮಿನ ಆಸೆ ತೋರಿಸಿ ವೈರಸ್ ಅಂಟಿಸುವವರು ಈಗಲೂ ಇದ್ದಾರೆ.

ಇನ್ನೊಂದು ಮಾತು. ಇನ್‌ಸ್ಟಾಲ್ ಮಾಡುವಾಗ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಕಬೇಡಿ. ಸಿ ಡ್ರೈವಿನಲ್ಲಿ ‘ಗೇಮ್ಸ್’ ಅಂತ ಬೇರೆ ಫೋಲ್ಡರ್ ಮಾಡಿ ಅಲ್ಲಿ ಹಾಕಿ. ಆ ಕಾಲದ ಗೇಮ್‌ಗಳು ತಮ್ಮ ಫೋಲ್ಡರಿನಲ್ಲೇ ಬರೆದುಕೊಳ್ಳುತ್ತಿದ್ದವು. ವಿಸ್ಟಾ ಬಂದಮೇಲೆ ವಿಂಡೋಸ್ ಇದಕ್ಕೆ ಅಡ್ಡ ಬರುತ್ತದೆ, ಗೇಮ್ ಬರೆದದ್ದನ್ನು ‘ವರ್ಚುವಲ್‌ಸ್ಟೋರ್’ ಅನ್ನುವ ಮೂಲೆಗೆ ಸಾಗಿಸುತ್ತದೆ. ಆಮೇಲೆ ನೀವು ಸೆಟ್ಟಿಂಗ್ ಫೈಲ್ ಒಂದು ಕಡೆ ತಿದ್ದುತ್ತೀರಿ, ಗೇಮ್ ಓದುವುದು ಇನ್ನೊಂದು ಕಡೆಯದನ್ನು. ಎಷ್ಟೋ ಜನ ಸುಸ್ತಾಗಿ ಬಿಟ್ಟುಬಿಡುವುದು ಇಲ್ಲೇ.

ಪ್ರಶ್ನೆ: ಗೇಮ್ ಓಡುತ್ತದೆ, ಆದರೆ ಅರಮನೆಯ ತುಂಬಾ ಮಂಜು ಕವಿದ ಹಾಗೆ ಕಾಣುತ್ತದೆ, ಕೆಲವು ಕಡೆ ದಾರಿಯೇ ಕಾಣಿಸುವುದಿಲ್ಲ. ನನ್ನ ಗ್ರಾಫಿಕ್ಸ್ ಕಾರ್ಡ್ ಹೊಸದು, ಶಕ್ತಿಗೇನೂ ಕಮ್ಮಿ ಇಲ್ಲ. ಹಾಗಿದ್ದೂ ಯಾಕೆ ಹೀಗೆ?

ಉತ್ತರ: ಕಾರ್ಡ್ ಹೊಸದಾಗಿರುವುದೇ ಕಾರಣ. ಅಂದಿನ ಗ್ರಾಫಿಕ್ಸ್ ಚಿಪ್‌ಗಳಲ್ಲಿ ದೂರದ ಮಂಜು ಮೂಡಿಸಲು ಸಿದ್ಧ ವ್ಯವಸ್ಥೆಯೊಂದು ಇರುತ್ತಿತ್ತು. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಬೇಕು ಎಂದು ಗೇಮ್ ಹೇಳಿದರೆ ಸಾಕು, ಉಳಿದದ್ದು ಚಿಪ್ಪಿನ ಕೆಲಸ. ಗೇಮಿಗೂ ಚಿಪ್ಪಿಗೂ ನಡುವೆ ಮಾತು ದಾಟಿಸುವ ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ 10ರಿಂದ ಆ ಸಿದ್ಧ ವ್ಯವಸ್ಥೆಯನ್ನೇ ತೆಗೆದುಹಾಕಿ ಎಲ್ಲವನ್ನೂ ಶೇಡರ್ ಎಂಬ ಸಣ್ಣ ಪ್ರೋಗ್ರಾಂಗಳಿಗೆ ಒಪ್ಪಿಸಿದರು. ಈಗಿನ ಡ್ರೈವರ್‌ಗಳು ಹಳೆಯದನ್ನು ಅನುಕರಿಸುತ್ತವೆ, ಆದರೆ ಒಂದೊಂದು ಕಡೆ ಲೆಕ್ಕ ತಪ್ಪುತ್ತದೆ. ಮಂಜು ಒಮ್ಮೆ ದಟ್ಟವಾಗುತ್ತದೆ, ಒಮ್ಮೆ ಇಲ್ಲವೇ ಇಲ್ಲ ಅನ್ನುವ ಹಾಗಾಗುತ್ತದೆ.

ಇದಕ್ಕೆ ಮದ್ದು ಗೇಮಿನ ಫೋಲ್ಡರಿನಲ್ಲೇ ಇದೆ. ‘ಹಾರ್ಡ್‌ವೇರ್’ ಹೆಸರಿನ ಐಎನ್‌ಐ (ಸೆಟ್ಟಿಂಗ್ ಬರೆದಿಡುವ) ಫೈಲ್ ಹುಡುಕಿ. ಮೊದಲು ಅದರ ಒಂದು ನಕಲು ಮಾಡಿ ಪಕ್ಕಕ್ಕಿಡಿ. ಆಮೇಲೆ ನೋಟ್‌ಪ್ಯಾಡಿನಲ್ಲಿ ತೆರೆದು ‘ಫಾಗ್’ (Fog) ಅನ್ನುವ ಪದ ಹುಡುಕಿ. ‘ಫೋರ್ಸ್‌ವಿಎಸ್‌ಫಾಗ್’ ಮತ್ತು ‘ಇನ್ವರ್ಟ್‌ಫಾಗ್‌ರೇಂಜ್’ ಅನ್ನುವ ಸಾಲುಗಳಲ್ಲಿ 0 ಇದ್ದರೆ 1 ಮಾಡಿ, ಉಳಿಸಿ, ಗೇಮ್ ತೆರೆದು ನೋಡಿ. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ.

ಅಷ್ಟಕ್ಕೂ ಬಗ್ಗದಿದ್ದರೆ ‘ಡಿಜಿವೂಡೂ 2’ ಅನ್ನುವ ಉಚಿತ ಉಪಕರಣ ಇದೆ. ಹಳೆಯ ಡೈರೆಕ್ಟ್‌ಎಕ್ಸ್ ಮಾತನ್ನು ಡೈರೆಕ್ಟ್‌ಎಕ್ಸ್ 11 ಅಥವಾ 12ಕ್ಕೆ ಬದಲಾಯಿಸಿ ಕೊಡುವುದು ಅದರ ಕೆಲಸ. ಅದರ 32 ಬಿಟ್ ಡಿಎಲ್‌ಎಲ್ ಫೈಲುಗಳನ್ನು ಗೇಮ್ ಶುರುಮಾಡುವ ಇಎಕ್ಸ್‌ಇ ಪಕ್ಕದಲ್ಲಿ ಹಾಕಿದರೆ ಆಯಿತು. ಪರದೆಯ ಮೂಲೆಯಲ್ಲಿ ಅದರ ಹೆಸರಿನ ಗುರುತು ಕಾಣುತ್ತದೆ, ಸೆಟ್ಟಿಂಗಿನಲ್ಲಿ ತೆಗೆಯಬಹುದು. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಅಥವಾ ಆರ್ಕ್ ಕಾರ್ಡ್ ಇರುವವರು ಇದನ್ನು ಖಂಡಿತ ನೋಡಿ. ಅವುಗಳಲ್ಲಿ ಡೈರೆಕ್ಟ್‌ಎಕ್ಸ್ 9ಕ್ಕೆ ನೇರ ಬೆಂಬಲವನ್ನು ಇಂಟೆಲ್ ಕೈಬಿಟ್ಟಿದೆ, ಹೇಗೂ ಮಧ್ಯೆ ಒಬ್ಬ ದುಭಾಷಿ ಇದ್ದೇ ಇರುತ್ತಾನೆ. ಅವನು ಒಳ್ಳೆಯವನಾಗಿರಲಿ, ಅಲ್ವಾ?

ಪ್ರಶ್ನೆ: ಅಗಲದ ಪರದೆಯಲ್ಲಿ ಎಲ್ಲರೂ ದಪ್ಪಗೆ, ಕುಳ್ಳಗೆ ಕಾಣುತ್ತಾರೆ. ಪರದೆಗೆ ಸರಿಹೊಂದಿಸುವುದು ಹೇಗೆ? ಹಾಗೇ, ನನ್ನ ಮಾನಿಟರ್ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ. ಅದರಿಂದ ತೊಂದರೆ ಆಗುತ್ತದೆಯೇ?

ಉತ್ತರ: ಈ ಗೇಮ್ ಮಾಡಿದಾಗ ಹೆಚ್ಚಿನವರ ಮನೆಯಲ್ಲಿದ್ದದ್ದು 4:3 ಪರದೆ. ಅಗಲದ ಪರದೆಯ ಆಯ್ಕೆಯನ್ನು ಮೆನುವಿನಲ್ಲಿ ಕೊಟ್ಟೇ ಇಲ್ಲ. ಅಭಿಮಾನಿಗಳು ಮಾಡಿದ ತಿದ್ದುಪಡಿಗಳು ಸಿಗುತ್ತವೆ, ಬೇಕಾದವರು ಹಾಕಿಕೊಳ್ಳಬಹುದು. ನನ್ನ ಸಲಹೆ ಬೇರೆ. ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್ ತೆರೆದು ಸ್ಕೇಲಿಂಗ್ ಅನ್ನುವಲ್ಲಿ ‘ಆಸ್ಪೆಕ್ಟ್ ರೇಷಿಯೋ’ ಉಳಿಸುವ ಆಯ್ಕೆ ಹಾಕಿ, ಗೇಮನ್ನು 1600x1200ರಂಥ 4:3 ಅಳತೆಯಲ್ಲೇ ಓಡಿಸಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಬರಲಿ ಬಿಡಿ. ಹೊಸ ಕೋಣೆಗೆ ಕಾಲಿಟ್ಟ ಕೂಡಲೇ ಕ್ಯಾಮೆರಾ ಮೇಲೆದ್ದು ಒಂದು ಸುತ್ತು ತಿರುಗಿ, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ತೋರಿಸುತ್ತದಲ್ಲ, ಆ ನೋಟಗಳನ್ನು ಆ ಚೌಕಟ್ಟಿಗೆಂದೇ ಜೋಡಿಸಿದ್ದಾರೆ. ಕಂಬ, ತೊಲೆ, ಚಾಚಿದ ಗೋಡೆಯಂಚು, ಒಂದೊಂದೂ ಕಣ್ಣಿಗೆ ಬೀಳಬೇಕಾದ ಜಾಗದಲ್ಲೇ ಇರುತ್ತದೆ. ಪಕ್ಕಕ್ಕೆ ಜಾಸ್ತಿ ಜಾಗ ಕೊಟ್ಟರೆ ಚಿತ್ರ ದೊಡ್ಡದಾಗುತ್ತದೆ, ಆದರೆ ಚಂದವಾಗುತ್ತದೆ ಅಂತೇನಿಲ್ಲ.

ಮಾನಿಟರನ್ನು ಆಡುವಷ್ಟು ಹೊತ್ತು 60 ಹರ್ಟ್ಸ್‌ಗೆ ಇಳಿಸಿಬಿಡಿ. ಆ ಕಾಲದ ಎಷ್ಟೋ ಗೇಮ್‌ಗಳಲ್ಲಿ ಜಿಗಿತ, ಬೀಳುವ ವೇಗ, ಬಾಗಿಲು ಮುಚ್ಚುವ ಹೊತ್ತು ಇವೆಲ್ಲ ಫ್ರೇಮಿನ ವೇಗಕ್ಕೆ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದಕ್ಕೆ) ಕಟ್ಟಿಕೊಂಡಿರುತ್ತವೆ. ಸುಮ್ನೆ ರಗಳೆ ಬೇಡ. ಅಕ್ಷರ, ಮೆನು ಪರದೆಯಾಚೆ ಸರಿದಂತೆ ಕಂಡರೆ ಇಎಕ್ಸ್‌ಇ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ, ಅಕ್ಷರ, ಚಿತ್ರ ಹಿಗ್ಗಿಸುವ ಡಿಪಿಐ ಸ್ಕೇಲಿಂಗನ್ನು ‘ಅಪ್ಲಿಕೇಶನ್’ಗೆ ಬಿಡಿ.

ಪ್ರಶ್ನೆ: ಎಕ್ಸ್‌ಬಾಕ್ಸ್ ಕಂಟ್ರೋಲರ್ ಹಚ್ಚಿದರೆ ಗುಂಡಿಗಳೆಲ್ಲ ಅದಲು ಬದಲು.

ಉತ್ತರ: ಗೇಮಿಗೆ ಗೊತ್ತಿರುವುದು ಕಂಟ್ರೋಲರ್ ಓದುವ ವಿಂಡೋಸಿನ ಹಳೆಯ ವಿಧಾನವಾದ ಡೈರೆಕ್ಟ್‌ಇನ್‌ಪುಟ್ ಮಾತ್ರ. ಅದರಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರಿನ ಎರಡೂ ಟ್ರಿಗರ್ ಸೇರಿ ಒಂದೇ ಅಕ್ಷವಾಗಿ ಕಾಣುತ್ತವೆ. ಗೇಮನ್ನು ಸ್ಟೀಮ್ ಲೈಬ್ರರಿಗೆ ಸೇರಿಸಿ (ಜಿಒಜಿ ಪ್ರತಿಯನ್ನೂ ‘ನಾನ್ ಸ್ಟೀಮ್ ಗೇಮ್’ ಅಂತ ಸೇರಿಸಬಹುದು), ಸ್ಟೀಮ್ ಇನ್‌ಪುಟ್‌ನಲ್ಲಿ ಒಂದೊಂದು ಗುಂಡಿಗೂ ಕೀಬೋರ್ಡಿನ ಕೀ ಕೊಟ್ಟುಬಿಡಿ. ಬಲಗಡೆಯ ಕಡ್ಡಿಯನ್ನು ಮೌಸ್ ಮಾಡಿ. ಸರಿಹೋಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಆಡುವುದೆಲ್ಲ ಈಗಿನ ಗೇಮ್‌ಗಳನ್ನೇ. ನಾನು ಅವಳ ವಯಸ್ಸಿನಲ್ಲಿ ಆಡಿದ್ದನ್ನು ಅವಳಿಗೂ ತೋರಿಸುವ ಆಸೆ. ಅವಳಿಗೆ ಬೋರ್ ಹೊಡೆಯುತ್ತದೆಯೋ ಏನೋ.

ಉತ್ತರ: ಧೈರ್ಯವಾಗಿ ತೋರಿಸಿ. ಈ ಪತ್ರಗಳಲ್ಲೆಲ್ಲ ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ ಇದು.

ಮುಖಗಳು ಹಳೆಯದಾಗಿ ಕಾಣುತ್ತವೆ, ಅದು ನಿಜ. ಆದರೆ ರಾಜಕುಮಾರನ ಕೈಕಾಲು ನೋಡಿ. ಗೋಡೆಯ ಮೇಲೆ ಅಡ್ಡಡ್ಡ ಓಡುತ್ತಾನೆ, ಅಲ್ಲಿಂದಲೇ ಹಾರಿ ತೊಲೆ ಹಿಡಿಯುತ್ತಾನೆ, ಜೀಕಿ ಕಂಬಕ್ಕೆ ಜೋತುಬೀಳುತ್ತಾನೆ. ಒಂದು ಚಲನೆ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಈಗಿನ ಎಷ್ಟೋ ದುಬಾರಿ ಗೇಮ್‌ಗಳಲ್ಲೂ ನನಗೆ ಈ ಹದ ಸಿಗುವುದಿಲ್ಲ.

ಇನ್ನು ರಾಜಕುಮಾರನ ಕೈಯಲ್ಲಿರುವ, ಕಾಲವನ್ನು ಹಿಂದಕ್ಕೆ ಸರಿಸುವ ಆ ಬಾಕು. ಮಗಳು ಒಂದು ಜಿಗಿತ ತಪ್ಪಿ ಕೆಳಗಿನ ಮುಳ್ಳುಗಳ ಕಡೆ ಬೀಳುತ್ತಿರುವಾಗ ‘ಆರ್’ ಕೀ ಒತ್ತಿ ಹಿಡಿಯಲು ಹೇಳಿ. ಬಿದ್ದವನು ಮೇಲಕ್ಕೆ ಬರುತ್ತಾನೆ, ಕೈ ಮತ್ತೆ ತೊಲೆಗೆ ಸೇರುತ್ತದೆ, ಬೆರಳು ಬಿಟ್ಟ ಗಳಿಗೆಯಿಂದ ಕಾಲ ಮತ್ತೆ ಮುಂದಕ್ಕೆ ಹರಿಯುತ್ತದೆ. ಇದಕ್ಕೆ ಬಾಕುವಿನೊಳಗಿನ ಮರಳು ಖರ್ಚಾಗುತ್ತದೆ, ಆ ಮರಳನ್ನು ಕೆಡವಿದ ಶತ್ರುಗಳಿಂದ ಬಾಕುವಿನಿಂದಲೇ ಹೀರಿಕೊಳ್ಳಬೇಕು, ಹೀರದೆ ಬಿಟ್ಟರೆ ಅವರು ಮತ್ತೆ ಎದ್ದು ಬರುತ್ತಾರೆ. ಎಲ್ಲವೂ ಒಂದಕ್ಕೊಂದು ಕೊಂಡಿ. ಮರಳು ಖಾಲಿಯಾಗಿ ಸತ್ತರೂ ಕತೆ ಹೇಳುತ್ತಿರುವ ರಾಜಕುಮಾರನೇ ತಡೆದು, ನಡೆದದ್ದು ಹಾಗಲ್ಲ ಎಂದು ತಿದ್ದುತ್ತಾನೆ. ಇಡೀ ಗೇಮ್ ಅವನು ಯಾರಿಗೋ ಹೇಳುತ್ತಿರುವ ಕತೆ. ಯಾರಿಗೆ ಅನ್ನುವುದನ್ನು ದಯವಿಟ್ಟು ಮಗಳಿಗೆ ಮೊದಲೇ ಹೇಳಬೇಡಿ.

ಜೊತೆಗೆ ಸಂಗಾತಿಯಾಗಿ ರಾಜಕುಮಾರಿ ಫರಾಹ್ ಇದ್ದಾಳೆ. ಅವನು ನುಗ್ಗಲಾಗದ ಗೋಡೆಯ ಬಿರುಕಿನಲ್ಲಿ ಇವಳು ನುಸುಳಿ ಆಚೆಯ ಬಾಗಿಲು ತೆರೆಯುತ್ತಾಳೆ, ಬಿಲ್ಲು ಹಿಡಿದು ಹೋರಾಡುತ್ತಾಳೆ, ಅವನ ಜಂಬಕ್ಕೆ ಸರಿಯಾಗಿ ಉತ್ತರ ಕೊಡುತ್ತಾಳೆ. ಜೀವ ತುಂಬಿಕೊಳ್ಳಲು ಅಂಗಡಿ, ಔಷಧಿ ಡಬ್ಬಿ ಏನೂ ಇಲ್ಲ, ಅರಮನೆಯ ಕೊಳಗಳಲ್ಲಿ ಬಗ್ಗಿ ನೀರು ಕುಡಿದರೆ ಸಾಕು. ಸೇವ್ ಮಾಡುವ ಜಾಗದಲ್ಲಿ ಮರಳಿನ ಸುಳಿಯೊಳಗೆ ನಿಂತಾಗ ಮುಂದೆ ಬರುವ ಸಾಹಸಗಳ ತುಣುಕುಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಅವನ್ನು ಅವಳು ಗಮನವಿಟ್ಟು ನೋಡಲಿ, ಅಲ್ಲೇ ಸುಳಿವಿದೆ.

ಬೇಸರ ಬರುವುದಾದರೆ ಕಾದಾಟದಲ್ಲಿ. ಒಬ್ಬರನ್ನು ಮುಗಿಸುವಷ್ಟರಲ್ಲಿ ಇನ್ನಿಬ್ಬರು ಹಾಜರು, ಅದೇ ಪಟ್ಟು ಮತ್ತೆ ಮತ್ತೆ. ಕೊನೆಯ ಭಾಗದಲ್ಲಿ ಲಿಫ್ಟಿನೊಳಗೆ ನಡೆಯುವ ಜಗಳವಂತೂ ತಾಳ್ಮೆ ಪರೀಕ್ಷೆ. ಅಲ್ಲಿ ನೀವೇ ಪಕ್ಕದಲ್ಲಿ ಕೂತಿರಿ. ಆದರೆ ಒಟ್ಟು ಸುಮಾರು ಹತ್ತು ಗಂಟೆಯ ಗೇಮ್. ಎಲ್ಲೂ ಎಳೆದಾಡಿಲ್ಲ, ಶೇಖರಿಸಿ ಅಂತ ನೂರೆಂಟು ವಸ್ತು ಇಟ್ಟಿಲ್ಲ. ಮಕ್ಕಳಿಗೆ ಅದೇ ಹೊಸತು ಅನ್ನಿಸಬಹುದು.

ಪ್ರಶ್ನೆ: ಇದಕ್ಕೂ ಮೊದಲಿನ, ಪಕ್ಕದಿಂದ ಕಾಣುವ ಪ್ರಿನ್ಸ್ ಆಫ್ ಪರ್ಷಿಯಾ ಈಗ ಆಡಬಹುದಾ?

ಉತ್ತರ: ಆಡಬಹುದು, ಅದು ಇನ್ನೂ ಸುಲಭ. ಜೋರ್ಡನ್ ಮೆಕ್ನರ್ ಅದನ್ನು ಆಪಲ್ 2 ಕಂಪ್ಯೂಟರಿಗೆ ಬರೆದು 1989ರಲ್ಲಿ ಹೊರತಂದರು. ತಮ್ಮನ ಓಟ, ಜಿಗಿತಗಳನ್ನು ವಿಡಿಯೋ ಮಾಡಿಕೊಂಡು, ಅದರ ಮೇಲೆ ಒಂದೊಂದೇ ಚಿತ್ರ ಬಿಡಿಸಿದ್ದರು. ಕಳೆದೇಹೋಯಿತು ಅಂದುಕೊಂಡಿದ್ದ ಅದರ ಮೂಲ ಕೋಡ್ ಹಳೆಯ ಫ್ಲಾಪಿಗಳಲ್ಲಿ ಸಿಕ್ಕಿ, 2012ರಲ್ಲಿ ಅವರು ಅದನ್ನು ಎಲ್ಲರಿಗೂ ತೆರೆದಿಟ್ಟರು. ಹಳೆಯ ಪಿಸಿಗಳ ಡಾಸ್ ಆವೃತ್ತಿ, ಆ ಕಾಲದ ಪಿಸಿಯನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಓಡುತ್ತದೆ. ‘ಎಸ್‌ಡಿಎಲ್‌ಪಾಪ್’ ಅನ್ನುವ ಮುಕ್ತ ಯೋಜನೆಯಲ್ಲಿ ಇನ್ನೂ ನಯವಾಗಿ ಓಡುತ್ತದೆ. ಅದರಲ್ಲಿ 60 ನಿಮಿಷದೊಳಗೆ ಮುಗಿಸಲೇಬೇಕು, ಗಡಿಯಾರ ಯಾರಿಗೂ ಕಾಯುವುದಿಲ್ಲ. ‘ಸ್ಯಾಂಡ್ಸ್ ಆಫ್ ಟೈಮ್’ ಕತೆ ಬರೆದವರೂ ಮೆಕ್ನರ್ ಅವರೇ. ಮೊದಲು ಕಾಲದ ಕೈಯಲ್ಲಿ ಆಟಗಾರನನ್ನು ಕೊಟ್ಟರು, ಆಮೇಲೆ ಆಟಗಾರನ ಕೈಗೆ ಕಾಲವನ್ನು ಕೊಟ್ಟರು. ಎರಡನ್ನೂ ಒಂದಾದ ಮೇಲೊಂದು ಆಡಿ ನೋಡಿ.

ಪ್ರಶ್ನೆ: ನನ್ನದು ಲಿನಕ್ಸ್. ಇದು ಓಡುತ್ತದಾ? ಓಡಿದರೆ ಮುಂದಿನ ಭಾಗಗಳನ್ನೂ ಆಡಬೇಕು ಅಂತಿದ್ದೇನೆ.

ಉತ್ತರ: ಸ್ಟೀಮ್‌ನಲ್ಲಿ ಪ್ರೋಟಾನ್ (ವಿಂಡೋಸ್ ಗೇಮನ್ನು ಲಿನಕ್ಸಿನಲ್ಲಿ ಓಡಿಸುವ ಉಪಕರಣ) ಆಯ್ಕೆ ಮಾಡಿ ಓಡಿಸಿ. ಅದರೊಳಗಿನ ಡಿಎಕ್ಸ್‌ವಿಕೆ ಹಳೆಯ ಡೈರೆಕ್ಟ್‌ಎಕ್ಸನ್ನು ಲಿನಕ್ಸಿನಲ್ಲೂ ನಡೆಯುವ ಗ್ರಾಫಿಕ್ಸ್ ವ್ಯವಸ್ಥೆಯಾದ ವಲ್ಕನ್‌ಗೆ ಬದಲಾಯಿಸುತ್ತದೆ. ಹಳೆ ಗೇಮ್‌ಗಳ ಮಟ್ಟಿಗೆ ಒಮ್ಮೊಮ್ಮೆ ವಿಂಡೋಸಿಗಿಂತ ಇದೇ ವಾಸಿ.

ಮುಂದಿನ ಭಾಗ 2004ರ ‘ವಾರಿಯರ್ ವಿದಿನ್’. ಕಾದಾಟ ಚೆನ್ನಾಗಿದೆ, ಹಾದಿಗಳ ಜೋಡಣೆಯೂ ಜಾಣತನದ್ದು. ಆದರೆ ರಕ್ತ ಜಾಸ್ತಿ, ಸಿಟ್ಟು ಜಾಸ್ತಿ, ಮೊದಲನೆಯದರ ಮೃದುತನ ಎಲ್ಲೋ ಕಳೆದುಹೋಗಿದೆ. 17 ದಾಟಿದವರಿಗೆ ಅಂತ ಗುರುತು ಹಾಕಿದ ಗೇಮ್, ಮೇಲಿನ ಪತ್ರದವರು ಮಗಳಿಗೆ ಇದನ್ನು ಕೊಡುವುದು ಬೇಡ. 2005ರ ‘ಟೂ ಥ್ರೋನ್ಸ್’ ಮತ್ತೆ ಹಳೆಯ ದಾರಿಗೆ ಬರುತ್ತದೆ, ಫರಾಹ್ ಕೂಡ ಬರುತ್ತಾಳೆ. ಮೊದಲನೆಯದನ್ನು ಮುಗಿಸಿ ಒಂದೆರಡು ವಾರ ಬಿಟ್ಟು ಎರಡನೆಯದಕ್ಕೆ ಕೈ ಹಾಕಿ. ಇವಕ್ಕೂ ಫೋಲ್ಡರಿನ ಮಾತು, 60 ಹರ್ಟ್ಸ್ ಮಾತು ಹಾಗೇ ಅನ್ವಯಿಸುತ್ತವೆ.