ಎಲ್ಲಾ ಆನ್‌ಲೈನ್‌ನಲ್ಲಿ ಸಿಗೋವಾಗ ಯುರೋಪಿಯನ್ ಸಿನಿಮಾಗಳ ಡಿಸ್ಕ್ ಕೊಳ್ಳೋದ್ರಲ್ಲಿ ಅರ್ಥ ಇದ್ಯಾ?

ನೀವು ಕೇಳಿರೋದು ಇಷ್ಟು: ಮುಬಿ ಅನ್ನೋ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಸ್ವೀಡನ್ನಿನ ಬರ್ಗ್‌ಮನ್, ರಷ್ಯಾದ ತಾರ್ಕೊವ್ಸ್ಕಿ ಅವರ ಸಿನಿಮಾ ನೋಡಿ ಹುಚ್ಚು ಹತ್ತಿದೆ, ಇಷ್ಟ ಆದವನ್ನ ಬ್ಲೂ-ರೇಲಿ ಕೊಂಡು ಇಟ್ಕೊಳ್ಳೋಣ ಅನ್ನಿಸ್ತಿದೆ, ಆದ್ರೆ ಸ್ನೇಹಿತರೆಲ್ಲ ‘ಎಲ್ಲಾ ಫೋನಲ್ಲೇ ಸಿಗೋವಾಗ ಯಾಕೆ ದುಡ್ಡು ದಂಡ ಮಾಡ್ತೀಯ’ ಅಂತಿದಾರೆ, ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಲಿ?

ಕೊಳ್ಳಿ ಅಂತಲೇ ನನ್ನ ಉತ್ತರ. ಆದ್ರೆ ನೋಡಿದ್ದೆಲ್ಲ ಕೊಳ್ಳಬೇಕು ಅಂತಲ್ಲ. ನಾನು ಬಹಳ ವರ್ಷದಿಂದ ಕೂಡಿಸ್ತಾ ಬಂದಿದೀನಿ, ಬಹುಪಾಲು ಯುರೋಪಿನ ಸಿನಿಮಾಗಳೇ, ಈಗ ಕಾರ್ಡ್ ತೆಗೆಯೋ ಮುಂಚೆ ನಾನು ಕೇಳ್ಕೊಳ್ಳೋದು ಒಂದೇ ಪ್ರಶ್ನೆ, ಈ ಸಿನಿಮಾದ ಯಾವ ಪ್ರತಿ ನಂಗೆ ಸಿಗ್ತಿದೆ ಅಂತ. ಯಾಕಂದ್ರೆ ಹಳೇ ಸಿನಿಮಾ ಅನ್ನೋದು ಎಲ್ಲಾ ಕಡೆ ಒಂದೇ ರೂಪದಲ್ಲಿ ಇರೋದಿಲ್ಲ. ಆ್ಯಪ್‌ನಲ್ಲಿ ಪೋಸ್ಟರ್ ಒತ್ತಿದ್ರೆ ಸಿನಿಮಾ ಓಡುತ್ತೆ ಸರಿ, ಅದು ಯಾವ ನೆಗೆಟಿವ್‌ನಿಂದ ಬಂತು, ಯಾರು ಸ್ಕ್ಯಾನ್ ಮಾಡಿದ್ರು, ಎಷ್ಟು ನಿಮಿಷದ ವರ್ಷನ್ ಅಂತ ಅಲ್ಲಿ ಬರೆದಿರೋದು ಕಡಿಮೆ. ಒಳ್ಳೇ ಡಿಸ್ಕ್ ಆದ್ರೆ ಕೇಸಿನ ಹಿಂದುಗಡೆನೇ ಇರುತ್ತೆ, ಒಳಗಿನ ಬುಕ್‌ಲೆಟ್‌ನಲ್ಲಿ ಪೂರ್ತಿ ಚರಿತ್ರೆ ಇರುತ್ತೆ.

ಡೆನ್ಮಾರ್ಕಿನ ನಿರ್ದೇಶಕ ಡ್ರೆಯರ್ ಅವರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ತಗೊಳ್ಳಿ. 1928ರ ಮೂಕಿ ಚಿತ್ರ. ಅದೇ ವರ್ಷ ಬರ್ಲಿನ್‌ನಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಸುಟ್ಟುಹೋಯ್ತು. ಡ್ರೆಯರ್ ಕೈಚೆಲ್ಲಿ ಕೂರಲಿಲ್ಲ, ಬಳಸದೆ ಬಿಟ್ಟಿದ್ದ ಟೇಕ್‌ಗಳನ್ನೆಲ್ಲ ಜೋಡಿಸಿ ಇಡೀ ಸಿನಿಮಾನ ಇನ್ನೊಂದ್ಸಲ ಕಟ್ಟಿದ್ರು. ಆಮೇಲೆ ದಶಕಗಳ ಕಾಲ ಜನ ನೋಡಿದ್ದು ಹೆಚ್ಚಾಗಿ ಆ ಎರಡನೇ ಜೋಡಣೆಯಿಂದ ಹುಟ್ಟಿದ ಪ್ರತಿಗಳನ್ನ, 1950ರ ದಶಕದಲ್ಲಿ ಒಂದಕ್ಕೆ ಬರೋಕ್ ಸಂಗೀತ ಅಂಟಿಸಿ ಬಿಟ್ಟಿದ್ರು, ಡ್ರೆಯರ್‌ಗೆ ಅದು ಒಂಚೂರೂ ಹಿಡಿಸಿರಲಿಲ್ಲ. 1968ರಲ್ಲಿ ಅವರು ತೀರಿಕೊಂಡ್ರು. 1981ರಲ್ಲಿ ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯ ಬೀರುವಿನಲ್ಲಿ ಡಬ್ಬಿಗಳು ಸಿಕ್ವು, ತೆಗೆದು ನೋಡಿದ್ರೆ ಮೊದಲನೇ ಆವೃತ್ತಿಯ ಪ್ರಿಂಟು! ಇವತ್ತು ಡಿಸ್ಕ್‌ನಲ್ಲಿ ನಾವು ನೋಡೋದು ಅದರಿಂದ ಬಂದಿದ್ದು. ಅಷ್ಟೇ ಅಲ್ಲ, ಮೂಕಿ ಚಿತ್ರ ಯಾವ ವೇಗದಲ್ಲಿ ಓಡಬೇಕು ಅನ್ನೋದೇ ಒಂದು ಚರ್ಚೆ ಆಗಿರೋದ್ರಿಂದ ಕ್ರೈಟೀರಿಯನ್ ಅನ್ನೋ ಅಮೆರಿಕದ ಕಂಪನಿಯ ಡಿಸ್ಕ್‌ನಲ್ಲಿ ಸೆಕೆಂಡಿಗೆ 20 ಫ್ರೇಮಿನದೂ ಇದೆ, 24 ಫ್ರೇಮಿನದೂ ಇದೆ. ಎರಡೂ ನೋಡಿ. 20ರಲ್ಲಿ ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿ ಮುಖದ ಮೇಲೆ ಕಣ್ಣೀರು ಇಳಿಯೋಕೆ ತಗೊಳ್ಳೋ ಹೊತ್ತೇ ಬೇರೆ.

ಝಾನ್ ರೆನ್ವಾರ್ ಅವರ ‘ಗ್ರ್ಯಾಂಡ್ ಇಲ್ಯೂಶನ್’ದು ಇದಕ್ಕಿಂತ ದೊಡ್ಡ ಅಲೆದಾಟ. 1937ರ ಸಿನಿಮಾ, ಯುದ್ಧದಲ್ಲಿ ನಾಜಿಗಳು ನೆಗೆಟಿವ್‌ನ ಪ್ಯಾರಿಸ್‌ನಿಂದ ಬರ್ಲಿನ್‌ಗೆ ಹೊತ್ಕೊಂಡು ಹೋದ್ರು, ಯುದ್ಧ ಮುಗಿದಾಗ ಸೋವಿಯೆತ್ ಸೇನೆ ಅಲ್ಲಿಂದ ಮಾಸ್ಕೋ ಕಡೆಗೆ ತಗೊಂಡು ಹೋಯ್ತು, 60ರ ದಶಕದಲ್ಲಿ ಬೇರೆ ರೀಲುಗಳ ಜೊತೆ ಫ್ರಾನ್ಸಿನ ಟುಲೂಸ್ ಆರ್ಕೈವ್‌ಗೆ ವಾಪಸ್ ಬಂತು, ಆದ್ರೆ ಇದು ಆ ಮೂಲ ನೆಗೆಟಿವ್ ಅಂತ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಿದ್ದು 90ರ ದಶಕದಲ್ಲಿ. ರೆನ್ವಾರ್ 1979ರಲ್ಲೇ ಹೋಗಿಬಿಟ್ಟಿದ್ರು. ಕ್ರೈಟೀರಿಯನ್‌ನವರು ಡಿವಿಡಿಗೆ ಇಳಿದಾಗ ತಮ್ಮ ಪಟ್ಟಿಯ ಒಂದನೇ ನಂಬರ್ ಕೊಟ್ಟಿದ್ದು ಈ ಚಿತ್ರಕ್ಕೇ, ಆದ್ರೆ ಈ ನೆಗೆಟಿವ್‌ಗೋಸ್ಕರ ಕಾದು ಅದು ಅಂಗಡಿಗೆ ಬಂದಿದ್ದು 1999ರಲ್ಲಿ, ಬೇರೆ ಎಷ್ಟೋ ನಂಬರ್‌ಗಳು ಬಂದಾದ ಮೇಲೆ. ನಂಗೆ ಈ ಕಾಯೋ ಬುದ್ಧಿ ತುಂಬಾ ಇಷ್ಟ.

ಇನ್ನು ಉದ್ದದ ವಿಷ್ಯ. ಬರ್ಗ್‌ಮನ್ ಅವರ ‘ಫ್ಯಾನಿ ಆ್ಯಂಡ್ ಅಲೆಕ್ಸಾಂಡರ್’ ಥಿಯೇಟರ್‌ನಲ್ಲಿ ಬಂದಿದ್ದು 188 ನಿಮಿಷ, ಟಿವಿಗೆ ಮಾಡಿದ್ದು 312 ನಿಮಿಷ. ಎರಡು ಗಂಟೆಗೂ ಮೀರಿದ ವ್ಯತ್ಯಾಸ ಅದು, ಟಿವಿ ಆವೃತ್ತಿ ನೋಡಿದ ಮೇಲೆ ಆ ಮನೆಯವರೆಲ್ಲ ನಿಮಗೆ ನೆಂಟರೇ ಆಗಿಬಿಡ್ತಾರೆ. ಡಿಸ್ಕ್ ಸೆಟ್‌ನಲ್ಲಿ ಎರಡೂ ಸಿಗುತ್ತೆ. ವಿಸ್ಕೊಂಟಿಯವರ ‘ದಿ ಲೆಪರ್ಡ್’ಗೂ ಹಾಗೇ, ಇಟಾಲಿಯನ್‌ನದು 185 ನಿಮಿಷ, ಅಮೆರಿಕಕ್ಕೆ ಅಂತ ಕತ್ತರಿಸಿದ್ದು 161. ಇಟಾಲಿಯನ್‌ನಲ್ಲಿ ಬರ್ಟ್ ಲ್ಯಾಂಕಾಸ್ಟರ್‌ಗೆ ಬೇರೆಯವರ ದನಿ, ಇಂಗ್ಲಿಷ್‌ನದರಲ್ಲಿ ಅವರದೇ ದನಿ. ನಾನು ಯಾವಾಗ್ಲೂ ಇಟಾಲಿಯನ್ನೇ ಹಾಕೋದು.

ಚಿತ್ರದ ಗುಣಮಟ್ಟದ ಬಗ್ಗೆ ಜನ ಬರೀ ರೆಸಲ್ಯೂಶನ್ ಲೆಕ್ಕ ಮಾತಾಡ್ತಾರೆ, ವಿಷ್ಯ ಅದಲ್ಲ. ಫಿಲ್ಮಿನಲ್ಲಿ ತೆಗೆದ ಚಿತ್ರಕ್ಕೆ ಗ್ರೇನ್, ಅಂದ್ರೆ ಮರಳಿನಂಥ ಸಣ್ಣ ಸಣ್ಣ ಚುಕ್ಕೆಗಳು, ಇರುತ್ತೆ, ಆ ಗ್ರೇನ್ ಪ್ರತಿ ಫ್ರೇಮಿಗೂ ಬದಲಾಗೋದ್ರಿಂದ ಕಂಪ್ರೆಸ್ ಮಾಡೋದು ತುಂಬಾ ಕಷ್ಟ. ಬ್ಲೂ-ರೇಲಿ ವಿಡಿಯೋಗೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಅವಕಾಶ ಇದೆ, ಎಚ್‌ಡಿ ಸ್ಟ್ರೀಮಿಂಗ್ ಸಾಮಾನ್ಯವಾಗಿ 5ರ ಆಸುಪಾಸಲ್ಲಿ ಮುಗಿಸುತ್ತೆ, ಹಾಗಾಗಿ ಗ್ರೇನ್ ಒರೆಸಿಹೋಗಿ ಮುಖಗಳು ಮೇಣದ ಗೊಂಬೆ ಥರ ಕಾಣೋಕೆ ಶುರು ಆಗುತ್ತೆ. ಬರ್ಗ್‌ಮನ್ ‘ವಿಂಟರ್ ಲೈಟ್’ ತೆಗೆಯೋ ಮುಂಚೆ ಅವರೂ ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟೂ ಚರ್ಚ್‌ನಲ್ಲಿ ಕೂತು ಚಳಿಗಾಲದ ಬೆಳಕು ಹೊತ್ತು ಸರಿದ ಹಾಗೆ ಹೇಗೆ ಬದಲಾಗುತ್ತೆ ಅಂತ ನೋಡ್ತಾ ಇದ್ರಂತೆ, ಇಡೀ ಸಿನಿಮಾ ನಿಂತಿರೋದೇ ಆ ಬೂದು ಬಣ್ಣದ ಸಣ್ಣ ಸಣ್ಣ ಛಾಯೆಗಳ ಮೇಲೆ, ಅದೇ ಗೋಡೆ ಕಡಿಮೆ ಬಿಟ್‌ರೇಟ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಒಡೆದುಹೋದ್ರೆ ನೀವು ಏನನ್ನ ನೋಡಿದ ಹಾಗಾಯ್ತು ಹೇಳಿ?

ವಿಮ್ ವೆಂಡರ್ಸ್ ಅವರ ‘ವಿಂಗ್ಸ್ ಆಫ್ ಡಿಸೈರ್’ (1987) ಇನ್ನೂ ಒಳ್ಳೇ ಉದಾಹರಣೆ. ದೇವತೆಗಳ ಕಣ್ಣಿಗೆ ಬರ್ಲಿನ್ ಕಪ್ಪು-ಬಿಳುಪು, ಮನುಷ್ಯರ ಕಣ್ಣಿಗೆ ಬಣ್ಣ. ಎರಡನ್ನೂ ಒಂದೇ ರೀಲಿನಲ್ಲಿ ಸೇರಿಸಬೇಕಾಗಿದ್ರಿಂದ ಆಗಿನ ಲ್ಯಾಬ್ ಕೆಲಸದಲ್ಲಿ ಎಲ್ಲವನ್ನೂ ಕಲರ್ ಸ್ಟಾಕಿಗೆ ಇಳಿಸಬೇಕಾಯ್ತು, ಥಿಯೇಟರ್ ಪ್ರಿಂಟ್ ಅನ್ನೋದು ಪ್ರತಿಯ ಪ್ರತಿಯ ಪ್ರತಿ ಆಗಿತ್ತು, ಕಪ್ಪು-ಬಿಳುಪು ಭಾಗ ನಿಜವಾದ ಕಪ್ಪು-ಬಿಳುಪೇ ಆಗಿರಲಿಲ್ಲ. 2018ರ 4ಕೆ ರಿಸ್ಟೋರೇಶನ್‌ಗೆ, ಅಂದ್ರೆ ಹಳೇ ಚಿತ್ರವನ್ನ ಮತ್ತೆ ಸರಿಪಡಿಸೋ ಕೆಲಸಕ್ಕೆ, ಮೂಲ ಕ್ಯಾಮೆರಾ ನೆಗೆಟಿವ್‌ಗಳನ್ನೇ ಸ್ಕ್ಯಾನ್ ಮಾಡಿದ್ರು. ಅಂದ್ರೆ ಛಾಯಾಗ್ರಾಹಕ ಆನ್ರಿ ಅಲೆಕಾನ್ ಕ್ಯಾಮೆರಾದಲ್ಲಿ ಹಿಡಿದ ಬೆಳಕನ್ನ ನಾವು ಮನೇಲಿ ಕೂತು 1987ರ ಪ್ರೇಕ್ಷಕರಿಗಿಂತ ಚೆನ್ನಾಗಿ ನೋಡ್ತಿದೀವಿ, ಇದನ್ನ ಯೋಚನೆ ಮಾಡಿದ್ರೆ ಮೈ ಜುಂ ಅನ್ನುತ್ತೆ.

ಸ್ಟ್ರೀಮಿಂಗ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಹುಡುಕೋಕೆ, ಹೊಸ ನಿರ್ದೇಶಕರ ಪರಿಚಯಕ್ಕೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಅಲ್ಲಿರೋದು ನಿಮ್ಮದಲ್ಲ. ಅಮೆರಿಕದಲ್ಲಿ ಫಿಲ್ಮ್‌ಸ್ಟ್ರಕ್ ಅಂತ ಒಂದು ಅದ್ಭುತ ಸೇವೆ ಇತ್ತು, ಹಳೇ ಕ್ಲಾಸಿಕ್, ವಿದೇಶಿ ಸಿನಿಮಾ ರಾಶಿ ರಾಶಿ, 2018ರ ನವೆಂಬರ್‌ನಲ್ಲಿ ಮುಚ್ಚಿದ್ರು, ಅಷ್ಟೇ. ಆಮೇಲೆ 2019ರಲ್ಲಿ ಕ್ರೈಟೀರಿಯನ್ ಚಾನೆಲ್ ಬಂತು, ಅದು ಅಮೆರಿಕ ಕೆನಡಾದವರಿಗೆ ಮಾತ್ರ.

ಈಗ ನಿಮಗೆ ನಿಜವಾಗಿ ಬೇಕಿರೋದು, ರೀಜನ್ ಕೋಡ್, ಅಂದ್ರೆ ಒಂದು ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅಂತ ಹಾಕಿರೋ ಬೀಗ. ಇದನ್ನ ತಿಳ್ಕೊಳ್ಳದೆ ಒಂದು ಡಿಸ್ಕೂ ಆರ್ಡರ್ ಮಾಡಬೇಡಿ. ಬ್ಲೂ-ರೇಗೆ ಎ, ಬಿ, ಸಿ ಅಂತ ಮೂರು. ಅಮೆರಿಕ, ಜಪಾನ್ ಎ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ ಸಿ. ಇಲ್ಲಿ ಅಂಗಡಿಯಿಂದ ತಂದ ಮಾಮೂಲಿ ಪ್ಲೇಯರ್‌ಗೆ ಅಮೆರಿಕದ ಕ್ರೈಟೀರಿಯನ್ ಹಾಕಿದ್ರೆ ಓಡಲ್ಲ, ಲಂಡನ್‌ನಿಂದ ತರಿಸಿದ ಬಿಎಫ್‌ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ಡಿಸ್ಕ್‌ಗಳು ಕೂಡ ಹೆಚ್ಚಿನವು ಓಡಲ್ಲ. ಅದಕ್ಕೆ ಮೊದಲ ಖರ್ಚು ಡಿಸ್ಕ್ ಮೇಲೆ ಅಲ್ಲ, ಎಲ್ಲಾ ರೀಜನ್ ಓಡಿಸೋ ಮಲ್ಟಿ-ರೀಜನ್ ಪ್ಲೇಯರ್ ಮೇಲೆ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗೆ ರೀಜನ್ ಇಲ್ಲ, ಎಲ್ಲಿ ಬೇಕಾದ್ರೂ ಓಡುತ್ತೆ (4ಕೆ ಪ್ಲೇಯರ್ ಇರಬೇಕು ಅಷ್ಟೇ), ಆದ್ರೆ ಒಂದು ಗಮನ ಇರಲಿ, ಸಂದರ್ಶನ, ಡಾಕ್ಯುಮೆಂಟರಿ ಇವೆಲ್ಲ ಜೊತೆಗೆ ಬರೋ ಮಾಮೂಲಿ ಬ್ಲೂ-ರೇ ಮೇಲೇ ಇರೋದು ಜಾಸ್ತಿ, ಅದಕ್ಕೆ ರೀಜನ್ ಲಾಕ್ ಇರುತ್ತೆ. ಹಳೇ ಯುರೋಪಿನ ಡಿವಿಡಿಗಳ ವಿಷ್ಯದಲ್ಲಿ ಪಾಲ್ (ಅಲ್ಲಿನ ಹಳೇ ಟಿವಿ ಪದ್ಧತಿ) ವೇಗದ ಸಮಸ್ಯೆ ಬೇರೆ, 24 ಫ್ರೇಮಿನ ಸಿನಿಮಾನ 25ಕ್ಕೆ ಓಡಿಸೋದ್ರಿಂದ 100 ನಿಮಿಷದ್ದು 96ಕ್ಕೇ ಮುಗಿಯುತ್ತೆ, ಸಂಗೀತದ ಶ್ರುತಿನೂ ಸ್ವಲ್ಪ ಏರಿರುತ್ತೆ. ಸಂಗೀತ ಕಲಿತ ಕಿವಿಗೆ ತಕ್ಷಣ ಗೊತ್ತಾಗುತ್ತೆ.

ಸಬ್‌ಟೈಟಲ್ ಕೂಡ ನೋಡ್ಕೊಳ್ಳಿ. ಫ್ರಾನ್ಸ್, ಜರ್ಮನಿಯ ಕಂಪನಿಗಳ ಸೆಟ್‌ಗಳು ನೋಡೋಕೆ ಚಂದ ಇರ್ತವೆ, ಆದ್ರೆ ಎಷ್ಟೋ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರೋದೇ ಇಲ್ಲ.

ಯಾರ ಡಿಸ್ಕ್ ಕೊಳ್ಳಬೇಕು ಅಂದ್ರೆ, ಕ್ರೈಟೀರಿಯನ್ ಎಲ್ಲರಿಗೂ ಗೊತ್ತು, 1984ರಲ್ಲಿ, ಡಿವಿಡಿಗೂ ಮುಂಚಿನ ಲೇಸರ್‌ಡಿಸ್ಕ್ ಕಾಲದಲ್ಲಿ ಶುರುವಾದವರು, ಸಿನಿಮಾ ಓಡ್ತಾ ಇರೋವಾಗ ತಿಳಿದವರು ಮಾತಾಡೋ ಕಾಮೆಂಟರಿ ಟ್ರ್ಯಾಕ್ ತಂದವರೂ ಅವರೇ. ಬೆಲೆ ಜಾಸ್ತಿ, ಆದ್ರೆ ಅಮೆರಿಕದ ಬಾರ್ನ್ಸ್ ಆ್ಯಂಡ್ ನೋಬಲ್ ಅಂಗಡಿಯಲ್ಲಿ ಜುಲೈ ಮತ್ತೆ ನವೆಂಬರ್‌ನಲ್ಲಿ ಅರ್ಧ ಬೆಲೆಗೆ ಮಾರೋದು ವಾಡಿಕೆ, ಅಲ್ಲಿ ಅಣ್ಣನೋ ಅಕ್ಕನೋ ಇದ್ರೆ ಆಗ ಕೊಂಡಿಟ್ಕೊಂಡು ಊರಿಗೆ ಬರೋವಾಗ ತರೋಕೆ ಹೇಳಿ, ಕೊರಿಯರ್ ಕಸ್ಟಮ್ಸ್ ಎರಡೂ ಉಳಿಯುತ್ತೆ. ಬ್ರಿಟನ್‌ನಲ್ಲಿ ಬಿಎಫ್‌ಐ, ಯುರೇಕಾದವರ ಮಾಸ್ಟರ್ಸ್ ಆಫ್ ಸಿನಿಮಾ, ಆ್ಯರೋ, ಈಚೆಗೆ ರೇಡಿಯನ್ಸ್. ಆದ್ರೆ ನನ್ನ ಮನಸ್ಸಿಗೆ ತೀರಾ ಹತ್ತಿರದವರು ಸೆಕೆಂಡ್ ರನ್ ಅನ್ನೋ ಲಂಡನ್ನಿನ ಪುಟ್ಟ ಕಂಪನಿ, 2005ರಿಂದ ಜೆಕ್, ಸ್ಲೋವಾಕ್, ಹಂಗೆರಿ, ಪೋಲೆಂಡಿನ ಸಿನಿಮಾಗಳನ್ನ ಹುಡುಕಿ ಹುಡುಕಿ ತರ್ತಿದಾರೆ, ಬ್ಲೂ-ರೇಗಳಿಗೆ ರೀಜನ್ ಲಾಕ್ ಹಾಕಲ್ಲ, ನಮ್ಮ ಪ್ಲೇಯರ್‌ನಲ್ಲೇ ಓಡುತ್ತೆ. ವೆರಾ ಖಿತಿಲೋವಾ ಅವರ ‘ಡೈಸೀಸ್’ (1966) ನಾನು ಮೊದಲು ಸರಿಯಾಗಿ ನೋಡಿದ್ದು ಇವರ ಡಿಸ್ಕ್‌ನಲ್ಲೇ. ಇಬ್ಬರು ಹುಡುಗೀರು ಊಟದ ಮೇಜನ್ನೆಲ್ಲ ತುಳಿದು ಹಾಳು ಮಾಡ್ತಾರೆ, ಆಹಾರ ಪೋಲು ಮಾಡಿದ್ರು ಅಂತ ಜೆಕೊಸ್ಲೊವಾಕಿಯಾದ ಸಂಸತ್ತಿನಲ್ಲೇ ಗಲಾಟೆ ಆಯ್ತು. ಫ್ರಾಂಟಿಶೆಕ್ ವ್ಲಾಚಿಲ್ ಅವರ ‘ಮಾರ್ಕೆಟಾ ಲಝರೋವಾ’ನೂ (1967) ಇವರು ತಂದಿದಾರೆ. ಹಿಮ, ತೋಳ, ಕುದುರೆ, ಮಧ್ಯಯುಗದ ಮನುಷ್ಯರ ಕೊಳಕು ಉಸಿರು, ದೊಡ್ಡ ಪರದೆ ಮೇಲೆ ನೋಡಬೇಕು ಅದನ್ನ.

ಎಲ್ಲಿಂದ ಶುರು? ದೊಡ್ಡ ಬಾಕ್ಸ್ ಸೆಟ್‌ನಿಂದ ಬೇಡ. 2018ರಲ್ಲಿ ಬರ್ಗ್‌ಮನ್ ಶತಮಾನೋತ್ಸವಕ್ಕೆ ಬಂದ ಸೆಟ್‌ನಲ್ಲಿ 39 ಸಿನಿಮಾ, 30 ಡಿಸ್ಕ್ ಇದೆ, ಬಹಳ ಸುಂದರವಾದದ್ದು, ಬರ್ಗ್‌ಮನ್ ನಿಮ್ಮ ಜೀವದ ನಿರ್ದೇಶಕ ಅಂತ ಖಾತ್ರಿ ಆದ ಮೇಲೆ ಅದಕ್ಕೆ ಹಣ ಕೂಡಿಸಿ. ಈಗ ಮೊದಲನೇದಾಗಿ ಕೀಸ್ಲೊವ್‌ಸ್ಕಿ ಅವರ ‘ಡೆಕಲಾಗ್’ ತಗೊಳ್ಳಿ ಅಂತೀನಿ. ಪೋಲೆಂಡಿನ ಟಿವಿಗೆ 80ರ ದಶಕದ ಕೊನೇಲಿ ಮಾಡಿದ ಹತ್ತು ಚಿತ್ರಗಳು, ಒಂದೊಂದೂ ಸುಮಾರು ಒಂದು ಗಂಟೆ, ವಾರ್ಸಾದ ಒಂದೇ ಅಪಾರ್ಟ್‌ಮೆಂಟ್ ಸಮುಚ್ಚಯದ ಜನರ ಕಥೆಗಳು. ಹತ್ತು ಚಿತ್ರಕ್ಕೆ ಒಂಬತ್ತು ಛಾಯಾಗ್ರಾಹಕರು, ಒಂದೊಂದರ ಬೆಳಕೂ ಬೇರೆ, ಐದನೇದರಲ್ಲಿ ಸ್ವಾವೊಮಿರ್ ಇಜಿಯಾಕ್ ಹಸಿರು ಫಿಲ್ಟರ್ ಹಾಕಿ ಇಡೀ ಊರನ್ನೇ ಕಾಯಿಲೆ ಬಿದ್ದ ಹಾಗೆ ಮಾಡಿಟ್ಟಿದಾರೆ. 2016ರಲ್ಲಿ ಅಮೆರಿಕದಲ್ಲಿ ಕ್ರೈಟೀರಿಯನ್, ಬ್ರಿಟನ್ನಿನಲ್ಲಿ ಆ್ಯರೋ ರಿಸ್ಟೋರ್ ಆದ ಪ್ರತಿ ತಂದ್ರು. ಒಂದೇ ಸೆಟ್ಟು, ಹತ್ತು ರಾತ್ರಿಗೆ ಆಗುತ್ತೆ, ದಿನಕ್ಕೊಂದಕ್ಕಿಂತ ಜಾಸ್ತಿ ನೋಡಬೇಡಿ.

ಅದಾದ ಮೇಲೆ ತಾರ್ಕೊವ್ಸ್ಕಿ ಅವರ ‘ಸ್ಟಾಕರ್’ (1979). ಆಪ್ಷನ್ ಇದ್ರೆ ಮೂಲ ಮೋನೋ ಸದ್ದನ್ನೇ ಆರಿಸಿಕೊಳ್ಳಿ. ಟ್ರಾಲಿ ಮೇಲೆ ಮೂವರು ಝೋನ್ ಅನ್ನೋ ನಿಷೇಧಿತ ಜಾಗದ ಕಡೆ ಹೋಗೋ ದೃಶ್ಯದಲ್ಲಿ ಹಳಿಯ ಸದ್ದು ಮೆಲ್ಲಗೆ ಅರ್ತೆಮ್ಯೆವ್ ಅವರ ಎಲೆಕ್ಟ್ರಾನಿಕ್ ಸಂಗೀತ ಆಗಿ ತಿರುಗುತ್ತಲ್ಲ, ಅದು ಎಲ್ಲಿ ತಿರುಗಿತು ಅಂತ ಹಿಡಿಯೋಕೆ ನಾನು ಎಷ್ಟೋ ಸಲ ರಿವೈಂಡ್ ಮಾಡಿ ಕೇಳಿದೀನಿ. ಫ್ರಾನ್ಸಿನ ನಿರ್ದೇಶಕ ಬ್ರೆಸ್ಸೋನ್ ಇಷ್ಟ ಆಗ್ತಾರಾ ನೋಡಿ. ಬೇಲಾ ತಾರ್ ಅವರ ‘ಸಾತಾನ್‌ಟಾಂಗೋ’ ಏಳು ಗಂಟೆ ಮೀರಿದ್ದು, 2025ರಲ್ಲಿ ನೊಬೆಲ್ ಬಂದ ಕ್ರಾಸ್ನಹೊರ್ಕೈ ಕಾದಂಬರಿ ಆಧಾರಿತ, ಅದನ್ನ ಆಮೇಲೆ.

ಒಂದು ಎಚ್ಚರಿಕೆ, ರಿಸ್ಟೋರೇಶನ್ ಅಂತ ಬರೆದಿದ್ದೆಲ್ಲ ಪೂರ್ತಿ ಸರಿ ಅಂತ ನಂಬಬೇಡಿ. ಇಟಲಿಯ ಬೊಲೊನ್ಯಾದಲ್ಲಿರೋ ಲಿಮಾಜಿನೆ ರಿತ್ರೊವಾತಾ ಜಗತ್ತಿನ ದೊಡ್ಡ ಲ್ಯಾಬ್‌ಗಳಲ್ಲಿ ಒಂದು, ಅಲ್ಲಿಂದ ಬಂದ ಕೆಲವು ಚಿತ್ರಗಳಿಗೆ ಹಳದಿ ಛಾಯೆ ಜಾಸ್ತಿ ಅಂತ ಕಲೆಕ್ಟರ್‌ಗಳು ವರ್ಷಗಟ್ಟಲೆ ವಾದ ಮಾಡ್ತಿದಾರೆ, ಕೆಲವು ಡಿಸ್ಕ್‌ಗಳಲ್ಲಿ ನಂಗೂ ಹಾಗೇ ಅನ್ನಿಸಿದೆ. ಆದ್ರೆ ಆ ಲ್ಯಾಬಿನ ಋಣ ನಮ್ಮ ಮೇಲೂ ಇದೆ. ಲಂಡನ್ನಿನಲ್ಲಿ 1993ರಲ್ಲಿ ಸುಟ್ಟ ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳ ನೆಗೆಟಿವ್‌ಗಳಿಗೆ ಜೀವ ತುಂಬಿದ್ದು ಅಲ್ಲಿ, ನಮ್ಮ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ರಿಸ್ಟೋರ್ ಆಗಿದ್ದೂ ಅಲ್ಲೇ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಹಾಗಾಗಿ ಕೊಳ್ಳೋ ಮುಂಚೆ ಎರಡು ಮೂರು ಕಡೆ ವಿಮರ್ಶೆ, ಸ್ಕ್ರೀನ್‌ಶಾಟ್ ಹೋಲಿಸಿ ನೋಡಿ, ಹಳೇ ಡಿಸ್ಕೇ ವಾಸಿ ಅನ್ನೋ ಸಂದರ್ಭಗಳೂ ಇವೆ.

ಇಡೋದು ಸುಲಭ. ಪುಸ್ತಕದ ಹಾಗೆ ನೇರ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ, ಮಲೆನಾಡು ಕರಾವಳಿ ಕಡೆಯವರಾದ್ರೆ ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಿಸ್ಕ್‌ಗಿಂತ ಮೊದಲು ಬೂಷ್ಟು ಹಿಡಿಯೋದು ಬುಕ್‌ಲೆಟ್‌ಗೆ. ಮತ್ತೆ ಸ್ನೇಹಿತರ ಜೊತೆ ವಾದ ಬೇಡ, ‘ಡೆಕಲಾಗ್’ನ ಮೊದಲನೇ ಭಾಗ ಹಾಕೋ ದಿನ ಅವರನ್ನೂ ಮನೆಗೆ ಕರೀರಿ.