ಸಿಗ್ನಲ್ ಹೋದದ್ದು ಬೇಗ ತಿಳಿಯಬೇಕು, ಸುಳ್ಳು ಅಲಾರ್ಮ್ ಬರಬಾರದು: ಎಲ್‌ಒಎಸ್ ಸರ್ಕ್ಯೂಟ್ ಹೇಗೆ ಮಾಡಲಿ?

ನೀವು ಕೇಳಿದ್ದು ಇಷ್ಟು: 1.25 ಗಿಗಾಬಿಟ್‌ನ ಆಪ್ಟಿಕಲ್ ಲಿಂಕ್, 8ಬಿ/10ಬಿ ಕೋಡಿಂಗ್ (8 ಬಿಟ್ ಡೇಟಾವನ್ನು 10 ಬಿಟ್ ಮಾಡಿ ಕಳಿಸುವುದು). ಫೈಬರ್ ಕಿತ್ತ 10 ಮೈಕ್ರೊಸೆಕೆಂಡ್ ಒಳಗೆ ಎಲ್‌ಒಎಸ್ (ಲಾಸ್ ಆಫ್ ಸಿಗ್ನಲ್, ಸಿಗ್ನಲ್ ಹೋಯಿತು ಎಂದು ಹೇಳುವ) ಪಿನ್ ಮೇಲೇರಬೇಕು. ಸಿಗ್ನಲ್‌ನ ಅತಿ ಎತ್ತರದ ಮಟ್ಟ ಹಿಡಿದಿಡುವ ಪೀಕ್ ಡಿಟೆಕ್ಟರ್‌ನ ಕೆಪಾಸಿಟರ್ ಚಿಕ್ಕದಾದರೆ ಪಿನ್ ಪಟಪಟ ಬಡಿದುಕೊಳ್ಳುತ್ತದೆ, ದೊಡ್ಡದಾದರೆ ತಡವಾಗುತ್ತದೆ. ಯಾವ ವ್ಯಾಲ್ಯೂ ಹಾಕಬೇಕು?

ನಾನು ನೋಡಿದಂತೆ ತೊಂದರೆ ಆ ಕೆಪಾಸಿಟರ್‌ನದ್ದಲ್ಲ. ಲೆಕ್ಕ ಹಾಕಿ ನೋಡಿ. ನಿಮ್ಮ ಒಂದು ಬಿಟ್ 0.8 ನ್ಯಾನೊಸೆಕೆಂಡ್. 8ಬಿ/10ಬಿಯಲ್ಲಿ ಒಂದೇ ತರಹದ ಬಿಟ್ ಸಾಲಾಗಿ ಐದಕ್ಕಿಂತ ಜಾಸ್ತಿ ಬರುವುದಿಲ್ಲ. ಅಂದರೆ ಸರಿಯಾದ ಡೇಟಾದಲ್ಲಿ ಅತಿ ಉದ್ದದ ಮೌನ 4 ನ್ಯಾನೊಸೆಕೆಂಡ್. 100 ನ್ಯಾನೊಸೆಕೆಂಡ್ ಹಿಡಿದಿಡುವ ಕೆಪಾಸಿಟರ್ ಇದ್ದರೂ ಅದರ 25 ಪಟ್ಟಾಯಿತು. ಹಾಗಾಗಿ ಪಿನ್ ಬಡಿದುಕೊಳ್ಳುವುದಕ್ಕೆ ಡೇಟಾ ಕಾರಣ ಅಲ್ಲ, ನಾಯ್ಸ್ ಕಾರಣ.

ಪೀಕ್ ಡಿಟೆಕ್ಟರ್ ಒಂದೇ ಒಂದು ಎತ್ತರದ ಮುಳ್ಳು ಸಿಕ್ಕರೂ ಅದನ್ನು ನಂಬುತ್ತದೆ. ನಾಯ್ಸ್ ಸೆಕೆಂಡಿಗೆ ಸುಮಾರು 100 ಕೋಟಿ ಸಲ ಸೊನ್ನೆ ದಾಟಿ ಮೇಲೇರುತ್ತದೆ ಎಂದಿಟ್ಟುಕೊಳ್ಳಿ. ಥ್ರೆಶೋಲ್ಡ್ ಅನ್ನು (ಸಿಗ್ನಲ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಗಡಿ) ನಾಯ್ಸ್‌ನ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಮಟ್ಟದ 4 ಪಟ್ಟು ಎತ್ತರದಲ್ಲಿಟ್ಟರೆ ಅದು ಸೆಕೆಂಡಿಗೆ ಮೂರು ಲಕ್ಷ ಸಲ ದಾಟುತ್ತದೆ. 6 ಪಟ್ಟಿಗೆ ಇಟ್ಟರೆ ಸೆಕೆಂಡಿಗೆ 15 ಸಲ. 8 ಪಟ್ಟಿಗೆ ಏರಿಸಿದರೆ ದಿನಕ್ಕೆ ಸುಮಾರು ಒಂದು ಸಲ. ಹಾಗಾದರೆ 8ಕ್ಕೇ ಇಡೋಣ ಅಂತೀರಾ? ಆಗಲ್ಲ. ಲಕ್ಷ ಕೋಟಿ ಬಿಟ್‌ಗೆ ಒಂದು ತಪ್ಪು ಅನ್ನುವ ಮಟ್ಟದಲ್ಲಿ ಕೆಲಸ ಮಾಡುವ ರಿಸೀವರ್‌ನಲ್ಲಿ, ಸಿಗ್ನಲ್ ಅತಿ ದುರ್ಬಲವಾಗಿದ್ದಾಗ ಅದರ ಎತ್ತರ ನಾಯ್ಸ್‌ನ ಬರೀ 7 ಪಟ್ಟು. ಥ್ರೆಶೋಲ್ಡ್ 8ರಲ್ಲಿದ್ದರೆ ಓದಲು ಬರುವ ಡೇಟಾವನ್ನೇ 'ಹೋಯಿತು' ಎಂದು ಹೇಳಿಬಿಡುತ್ತೀರಿ. ಗಂಟು ಇರುವುದು ಇಲ್ಲೇ. ಕೆಪಾಸಿಟರ್ ಎಷ್ಟು ಬದಲಾಯಿಸಿದರೂ ಇದು ಬಿಚ್ಚುವುದಿಲ್ಲ.

ಪೀಕ್ ಬಿಟ್ಟು ಸರಾಸರಿ ನೋಡಿ. ಸಿಗ್ನಲ್ಲನ್ನು ಫುಲ್ ವೇವ್ ರೆಕ್ಟಿಫೈ ಮಾಡಿ (ಸೊನ್ನೆಯ ಕೆಳಗಿನ ಭಾಗವನ್ನೂ ಮೇಲಕ್ಕೆ ತಿರುಗಿಸಿ), ಅರ್ಧ ಮೈಕ್ರೊಸೆಕೆಂಡ್ ಟೈಮ್ ಕಾನ್‌ಸ್ಟಂಟ್‌ನ ಫಿಲ್ಟರ್‌ಗೆ ಕೊಡಿ. ಬರೀ ನಾಯ್ಸ್ ಇದ್ದಾಗ ಸರಾಸರಿ ಆರ್‌ಎಂಎಸ್‌ನ 0.8 ಪಟ್ಟು ಬರುತ್ತದೆ. ನೂರಾರು ಮುಳ್ಳುಗಳು ಸೇರಿ ಸಮವಾಗುವುದರಿಂದ ಅದರ ಅಲುಗಾಟ ಸುಮಾರು 0.03 ಪಟ್ಟು, ಅಷ್ಟೇ. ಅತಿ ದುರ್ಬಲ ಸಿಗ್ನಲ್ ಇದ್ದಾಗ ಅದೇ ಸರಾಸರಿ 7 ಪಟ್ಟು. 0.8ಕ್ಕೂ 7ಕ್ಕೂ ನಡುವೆ ಎಷ್ಟೊಂದು ಜಾಗ ಸಿಕ್ಕಿತು, ಅಲ್ವಾ? ಇಳಿಯುವಾಗ 3, ಏರುವಾಗ 4.5 ಎಂದು ಥ್ರೆಶೋಲ್ಡ್ ಇಟ್ಟರೆ ಹಿಸ್ಟರಿಸಿಸ್ (ಆ ಎರಡು ಗಡಿಗಳ ನಡುವಿನ ಅಂತರ) ಕೂಡ ಆರಾಮಾಗಿ ಸಿಗುತ್ತದೆ. ಡೇಟಾಶೀಟ್ ಓದುವಾಗ ಮಾತ್ರ ಒಂದು ಎಚ್ಚರಿಕೆ: ಬೆಳಕಿನ 2 ಡಿಬಿ ಅಂದರೆ ವೋಲ್ಟೇಜ್‌ನ 4 ಡಿಬಿ. ಯಾವ ಡಿಬಿ ಬರೆದಿದ್ದಾರೆ ಎಂದು ನೋಡದೆ ಮುಂದೆ ಹೋಗಬೇಡಿ.

ಟ್ಯಾಪ್ ಮಾಡುವ ಜಾಗ ಲಿಮಿಟಿಂಗ್ ಆಂಪ್ಲಿಫೈಯರ್‌ನ (ಸಿಗ್ನಲ್ಲನ್ನು ಒಂದೇ ಎತ್ತರಕ್ಕೆ ಬೆಳೆಸುವ ಆಂಪ್ಲಿಫೈಯರ್) ಮೊದಲ ಒಂದೆರಡು ಹಂತದಲ್ಲೇ ಇರಲಿ. ಕೊನೆಯ ಹಂತದಲ್ಲಿ ನಾಯ್ಸ್ ಕೂಡ ಪೂರ್ತಿ ಎತ್ತರಕ್ಕೆ ಬೆಳೆದಿರುತ್ತದೆ. ಫೋಟೋಡಯೋಡ್‌ನ ಸರಾಸರಿ ಕರೆಂಟ್ ನೋಡಿಯೂ ತೀರ್ಮಾನ ಮಾಡಬೇಡಿ. ಆ ಕಡೆ ಲೇಸರ್ ಸುಮ್ನೆ ಉರಿಯುತ್ತಿದ್ದು ಡೇಟಾ ನಿಂತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ವೇಗ. ತುಂಬಾ ಜನ ಇಲ್ಲಿ ಮರೆಯುವುದು ಇನ್‌ಪುಟ್‌ನ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡುವುದು). ಡೇಟಾ ಬರುವಾಗ ಸಿಗ್ನಲ್ ಸೊನ್ನೆಯ ಮೇಲೆ ಕೆಳಗೆ 250 ಮಿಲಿವೋಲ್ಟ್ ಆಡುತ್ತಿತ್ತು ಎಂದುಕೊಳ್ಳಿ. ಬೆಳಕು ಹೋದ ಕೂಡಲೇ ಅದು ಸೊನ್ನೆಗೆ ಬರುವುದಿಲ್ಲ, ಕೆಳಗೆ ಮೈನಸ್ 250ರಲ್ಲೇ ನಿಂತು ನಿಧಾನಕ್ಕೆ ಸೊನ್ನೆಯತ್ತ ಏರುತ್ತದೆ. ರೆಕ್ಟಿಫೈಯರ್‌ಗೆ ಅದೂ ಸಿಗ್ನಲ್ಲೇ. ಥ್ರೆಶೋಲ್ಡ್ 2 ಮಿಲಿವೋಲ್ಟ್ ಆಗಿದ್ದರೆ ಅಲ್ಲಿಗೆ ತಲುಪಲು ಸುಮಾರು ಐದು ಟೈಮ್ ಕಾನ್‌ಸ್ಟಂಟ್ ಬೇಕು. ಸೋರ್ಸ್ 50, ಟರ್ಮಿನೇಶನ್ 50, ಒಟ್ಟು 100 ಓಮ್. 0.1 ಮೈಕ್ರೊಫ್ಯಾರಡ್ ಹಾಕಿದ್ದರೆ ಟೈಮ್ ಕಾನ್‌ಸ್ಟಂಟ್ 10 ಮೈಕ್ರೊಸೆಕೆಂಡ್, ತಡ 50 ಮೈಕ್ರೊಸೆಕೆಂಡ್. ನಿಮ್ಮ ಸಮಯವೆಲ್ಲ ಅಲ್ಲೇ ಖರ್ಚಾಗಿ ಹೋಯಿತು! 10 ನ್ಯಾನೊಫ್ಯಾರಡ್‌ಗೆ ಇಳಿಸಿ, ತಡ 5ಕ್ಕೆ ಬರುತ್ತದೆ. ಐದು ಬಿಟ್‌ನ ಮೌನದಲ್ಲಿ ಆಗುವ ಇಳಿಕೆ ಆಗಲೂ ಶೇ. 0.4 ಮಾತ್ರ. ಆಂಪ್ಲಿಫೈಯರ್‌ನಲ್ಲಿ ಆಫ್‌ಸೆಟ್ ಸರಿ ಮಾಡುವ ಲೂಪ್ ಇದ್ದರೆ ಅದರ ವೇಗವನ್ನೂ ನೋಡಿ.

ಅಲಾರ್ಮ್ ಹಾಕುವುದು ಬೇಗ, ತೆಗೆಯುವುದು ನಿಧಾನ ಇರಲಿ. ಸಿಗ್ನಲ್ ಮತ್ತೆ ಬಂದಿದೆ ಎನ್ನಲು 50 ರಿಂದ 100 ಮೈಕ್ರೊಸೆಕೆಂಡ್ ಕಾದರೆ ಏನೂ ನಷ್ಟವಿಲ್ಲ. ಎಸ್‌ಎಫ್‌ಪಿ (ಸಿಕ್ಕಿಸಿ ತೆಗೆಯಬಹುದಾದ ಆಪ್ಟಿಕಲ್ ಮಾಡ್ಯೂಲ್) ಒಪ್ಪಂದದಲ್ಲಿ ಎರಡಕ್ಕೂ 100 ಮೈಕ್ರೊಸೆಕೆಂಡ್‌ವರೆಗೆ ಅವಕಾಶ ಇದೆ. ಕನೆಕ್ಟರ್ ಸಿಕ್ಕಿಸುವಾಗ ಬೆಳಕು ಬಂದು ಹೋಗಿ ಮಾಡುತ್ತದೆ, ಆ ಗಲಾಟೆ ಈ ಕಾಯುವಿಕೆಯಲ್ಲಿ ಅಡಗುತ್ತದೆ.

ಕೊನೆಗೆ ನನ್ನದೇ ಒಂದು ಅನುಭವ. ಒಂದು ಬೋರ್ಡ್‌ನಲ್ಲಿ ಫೈಬರ್ ಕಿತ್ತರೂ ಎಲ್‌ಒಎಸ್ ಬರುತ್ತಿರಲಿಲ್ಲ. ಎರಡು ದಿನ ಕಂಪ್ಯಾರೇಟರ್ ಮೇಲೇ ಅನುಮಾನಪಟ್ಟೆ. ಆಮೇಲೆ ಆಂಪ್ಲಿಫೈಯರ್ ಇನ್‌ಪುಟ್ ಮೇಲೆ ಪ್ರೋಬ್ ಇಟ್ಟೆ, ಸ್ಕೋಪ್‌ಗೆ ನಮ್ಮದೇ ಟ್ರಾನ್ಸ್‌ಮಿಟರ್‌ನ ಕ್ಲಾಕ್‌ನಿಂದ ಟ್ರಿಗರ್ ಕೊಟ್ಟೆ. ಪರದೆಯ ಮೇಲೆ ಮೂರು ಮಿಲಿವೋಲ್ಟ್‌ನ ಪುಟ್ಟ ಅಲೆ ಅಲುಗಾಡದೆ ನಿಂತಿತ್ತು. ಪಕ್ಕದ ಲೇಸರ್ ಡ್ರೈವರ್‌ನದ್ದು! ಟ್ರಾನ್ಸ್‌ಮಿಟರ್ ಆಫ್ ಮಾಡಿದ ತಕ್ಷಣ ಎಲ್‌ಒಎಸ್ ಬಂತು. ರಿಸೀವರ್‌ನ ಸಪ್ಲೈಗೆ ಬೇರೆ ಫೆರೈಟ್ ಬೀಡ್ ಹಾಕಿ, ಎರಡರ ನಡುವೆ ಗ್ರೌಂಡ್ ವಯಾಗಳ ಸಾಲು ಕೊಟ್ಟ ಮೇಲೆ ಸರಿಹೋಯಿತು.

ಹಾಗಾಗಿ ನಿಮ್ಮ ಬೋರ್ಡ್ ಪರೀಕ್ಷೆ ಮಾಡುವಾಗ ಟ್ರಾನ್ಸ್‌ಮಿಟರ್ ಪೂರ್ತಿ ಕರೆಂಟ್‌ನಲ್ಲಿ ಓಡುತ್ತಿರಲಿ. ಅಟೆನ್ಯುಯೇಟರ್ ಹಾಕಿ ಅತಿ ದುರ್ಬಲ ಬೆಳಕಿನಲ್ಲಿ ಒಂದು ಸಲ, ಅತಿ ಜೋರು ಬೆಳಕಿನಲ್ಲಿ ಇನ್ನೊಂದು ಸಲ ಸಮಯ ಅಳೆಯಿರಿ. ಜೋರು ಬೆಳಕಿನದ್ದೇ ಜಾಸ್ತಿ ತಡ ತೋರಿಸುತ್ತದೆ, 10 ಮೈಕ್ರೊಸೆಕೆಂಡ್‌ಗೆ ಹೋಲಿಸಬೇಕಾದದ್ದು ಅದನ್ನೇ.