ಬುದ್ಧಿ ಹೇಳುವ ಮೊದಲು ಲೈನ್‌ಮನೆಗೆ ಹೋಗಿ

ಪ್ರಶ್ನೆ: ಅಕ್ಕ, ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಫೀಲ್ಡ್‌ವರ್ಕ್‌ಗೆ ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಶಾಲೆಗೆ ಹಾಕಿದ್ದಾರೆ. ಯಾವ ಟೀಚರ್ ರಜೆ ಹಾಕಿದರೂ ಹೆಡ್‌ಮಾಸ್ಟರ್ ನನ್ನನ್ನೇ ಕ್ಲಾಸಿಗೆ ಕಳಿಸುತ್ತಾರೆ. ಜನವರಿ ಬಂತು, ಲೈನ್‌ಮನೆ (ಕಾಫಿ ತೋಟದ ಕೂಲಿಯವರ ಸಾಲುಮನೆ) ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟಿದ್ದಾರೆ. ‘ಅವರಪ್ಪ ಅಮ್ಮನಿಗೆ ಓದಿನ ಬೆಲೆ ಗೊತ್ತಿಲ್ಲ’ ಅಂತಾರೆ ಟೀಚರ್‌ಗಳು. ನಾನು ಎಲ್ಲಿಂದ ಶುರು ಮಾಡಲಿ?
– ಒಬ್ಬ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ತಂಗಿ, ಆ ಮಾತನ್ನು ನಾನೂ ನಂಬಿದ್ದೆ. ನನ್ನ ಮೊದಲ ವರ್ಷ ಐದನೇ ಕ್ಲಾಸಿನ ಒಬ್ಬ ಹುಡುಗಿ ಹತ್ತು ದಿನ ಬರಲಿಲ್ಲ. ಬುದ್ಧಿ ಹೇಳೋಣ ಅಂತ ಬೆಳಿಗ್ಗೆ ಎಂಟಕ್ಕೇ ಅವರ ಲೈನ್‌ಮನೆಗೆ ಹೋದೆ. ಅಮ್ಮ ಆಗಲೇ ಕಾಫಿ ಕುಯ್ಯಲು ಹೋಗಿಯಾಗಿತ್ತು. ಹುಡುಗಿ ಸೀರೆಯ ಜೋಲಿಯಲ್ಲಿ ತಮ್ಮನನ್ನು ತೂಗುತ್ತಿದ್ದಳು. ಪುಸ್ತಕದ ಚೀಲ ಮೇಲೆ ತೊಲೆಗೆ ನೇತಾಡುತ್ತಿತ್ತು. ‘ಇಲಿ ಕಡೀತದೆ, ಅದಕ್ಕೆ ಅಮ್ಮ ಕಟ್ಟಿದ್ದು’ ಅಂದಳು. ಅಕ್ಕಿ ಚೀಲ ಮಾತ್ರ ನೆಲದ ಮೇಲೇ ಇತ್ತು. ನಾನು ಹೇಳಲು ಹೋದ ಮಾತು ಗಂಟಲಲ್ಲೇ ಉಳಿಯಿತು.

ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ರೋಬಸ್ಟಾ ಹಣ್ಣಾದ ಈ ದಿನಗಳಲ್ಲೇ ತಾಯಿ ಕೈಗೆ ನಾಲ್ಕು ಕಾಸು ಜಾಸ್ತಿ ಬರುವುದು. ಆಗ ಕೂಸನ್ನು ನೋಡುವವರು ಯಾರು? ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಇದು ಸಣ್ಣ ತೋಟ, ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮೂರು ಸಲ ಹೋಗಿ ಮಾತಾಡಿದೆ. ಕೊನೆಗೆ ಕುಯ್ಯಲು ಆಗದ ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು, ಲೈನಿನ ನಾಲ್ಕು ಕೂಸುಗಳನ್ನು ಅವರ ಹತ್ತಿರ ಬಿಡಲು ಮಾಲೀಕರು ಒಪ್ಪಿದರು. ಮಾರನೇ ವಾರ ಹುಡುಗಿ ಶಾಲೆಗೆ ಬಂದಳು.

ಅದಕ್ಕೇ ಹೇಳುವುದು, ಹಾಜರಿ ಪುಸ್ತಕದಲ್ಲಿ ಯಾರ ಹೆಸರ ಮುಂದೆ ಗೈರು ಜಾಸ್ತಿಯೋ ಆ ಮನೆಯಿಂದ ಶುರು ಮಾಡಿ. ಆದರೆ ಪುಸ್ತಕ ಕೈಯಲ್ಲಿ ಹಿಡಿದು ಹೋಗಬೇಡಿ, ಸರ್ವೆಯವರು ಅಂತ ಜನ ಹೆದರುತ್ತಾರೆ. ‘ಮಗು ಯಾಕೆ ಬರಲಿಲ್ಲ’ ಅಂತ ಕೇಳುವ ಮೊದಲು ಸುಮ್ನೆ ಸ್ವಲ್ಪ ಹೊತ್ತು ಕೂತು ನೋಡಿ. ಒಂದು ಮನೆಯಲ್ಲಿ ಕೂಸು ಕಾರಣ, ಇನ್ನೊಂದರಲ್ಲಿ ದಾರಿಯಲ್ಲಿ ನಿಲ್ಲುವ ಆನೆ. ಎರವ ಬುಡಕಟ್ಟಿನವರ ಮಗುವಿಗೆ ಕ್ಲಾಸಿನ ಕನ್ನಡವೇ ಹೊಸದಿರಬಹುದು, ಅಲ್ವಾ? ಸಂಜೆ ಕುಯ್ದ ಕಾಫಿಯ ತೂಕ ಮುಗಿದ ಮೇಲೆ ಹೋದರೆ ತಾಯಂದಿರೂ ಸಿಗುತ್ತಾರೆ. ಒಬ್ಬರೇ ಹೋಗಬೇಡಿ, ಕತ್ತಲಾಗುವ ಮೊದಲು ವಾಪಸ್ ಬನ್ನಿ.

ಹೆಡ್‌ಮಾಸ್ಟರ್ ಜೊತೆ ಜಗಳ ಬೇಡ. ಮನೆಗಳಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ವಾರಕ್ಕೆ ಎರಡು ದಿನ ಇದಕ್ಕೇ ಬಿಡಿ ಅಂತ ಕೇಳಿ. ನಿಮ್ಮ ಸೂಪರ್‌ವೈಸರ್ ಕೈಲೂ ಹೇಳಿಸಿ. ಪಂಚಾಯಿತಿಯಲ್ಲಿ ‘ಕೂಸಿನ ಮನೆ’ (ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ) ಇದೆಯಾ ವಿಚಾರಿಸಿ.

ಇನ್ನೊಂದು ವಿಷಯ. ಕುಯ್ಲು ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೇರೆ ತೋಟಕ್ಕೆ ಹೋಗುತ್ತವೆ. ಟಿ.ಸಿ. ಬಂದಿಲ್ಲ ಅಂತ ಅಲ್ಲಿಯ ಸರ್ಕಾರಿ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಅವರು ಹೊರಡುವ ಮೊದಲೇ ತಾಯಂದಿರಿಗೆ ಹೇಳಿಬಿಡಿ. ಕೂಸುಗಳ ವ್ಯವಸ್ಥೆ ಏನಾಯಿತು ಅಂತ ನನಗೂ ಬರೆಯಿರಿ.